ದುಡ್ಡು ಕೊಟ್ಟ ಮೇಲೂ ಪರ್ಮಿಷನ್ ಯಾಕೆ?

ಹಳೇ ಫ್ಲೈಟ್ ಸಿಮ್ಯುಲೇಟರ್ ಓಪನ್ ಆಗದಿದ್ರೆ ನಾವು ಮೊದಲು ಡಿಸ್ಕ್ ಒರೆಸ್ತೀವಿ. ಎಷ್ಟೋ ಸಲ ತಪ್ಪು ಡಿಸ್ಕಿನದ್ದಲ್ಲ. ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ 2004, ಡಿಸ್ಕ್ ಅಸಲಿಯೋ ನಕಲಿಯೋ ನೋಡೋಕೆ ಸೇಫ್‌ಡಿಸ್ಕ್ ಬಳಸ್ತಿತ್ತು. ಅದರ ಡ್ರೈವರ್ ಸುರಕ್ಷಿತ ಅಲ್ಲ ಅಂತ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಕಳ್ಳರಿಗೆ ಹಾಕಿದ ಬೀಗ ಈಗ ದುಡ್ಡು ಕೊಟ್ಟವರನ್ನೇ ಹೊರಗೆ ನಿಲ್ಲಿಸಿದೆ.

2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ಗೆ ಇಂಟರ್ನೆಟ್ ಅಥವಾ ಫೋನ್ ಮೂಲಕ ಆಕ್ಟಿವೇಶನ್ ಬೇಕು. ನಮ್ಮ ಸಕಲೇಶಪುರದ ಬಿಸಿಲೆ ಕಾಡಿನ ಕಡೆ ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ಹೆಚ್ಚು. ಅಲ್ಲಿ ಕೂತು ಸ್ಕ್ರೀನಿನಲ್ಲಿ ಪುಷ್ಪಗಿರಿ ಮೇಲೆ ವಿಮಾನ ಹಾರಿಸೋಕೆ ನೆಟ್ ಬೇಡ, ಹಾರಿಸೋ ಅನುಮತಿಗೆ ಬೇಕು! ಅದನ್ನು ಮಾಡಿದ ಏಸಸ್ ಸ್ಟುಡಿಯೋ 2009ರಲ್ಲೇ ಮುಚ್ಚಿತು.

"ಕ್ರ್ಯಾಕ್ ಹಾಕ್ಕೋ ಮಗಾ" ಅನ್ನೋರಿದ್ದಾರೆ. ಅದರ ಜೊತೆ ವೈರಸ್ಸೂ ಬರಬಹುದು. ಬದಲಿಗೆ ಫ್ಲೈಟ್‌ಗೇರ್ ಇದೆ: ಫ್ರೀ, ಓಪನ್ ಸೋರ್ಸ್, ಯಾವ ಕೀನೂ ಕೇಳಲ್ಲ.

ಆದ್ರೂ ಕೊಂಡಿದ್ದು ನಮ್ಮದೇ ಆಗಿರಬೇಕಲ್ವಾ? ಸಪೋರ್ಟ್ ನಿಲ್ಲಿಸೋ ಕಂಪನಿ, ಬೀಗ ತೆಗೆಯೋ ಕೊನೆಯ ಪ್ಯಾಚ್ ಕೊಟ್ಟು ಹೋಗಬೇಕು. ನಾಳೆ ಸಾಫ್ಟ್‌ವೇರ್ ಬರೆಯೋರು ನಾವೇ. ಬೀಗ ಹಾಕೋ ದಿನವೇ ಅದನ್ನು ತೆಗೆಯೋ ದಾರಿಯನ್ನೂ ಬರೆದಿಡೋಣ.