ಹುಡುಗೀನ್ನ ಕೇಳಿದ್ರಾ?

ನಮ್ಮ ಹುಡುಗರಿಗೆ ಪ್ರೇಮಕಥೆ ಅಂದ್ರ ಮದುವೆಗೆ ಮುಗೀಬೇಕು. ತಾಳಿ ಬಿತ್ತು, ‘ಶುಭಂ’ ಬಂತು, ಚಿಕ್ಕೋಡಿ ಬಸ್ಸು ಹಿಡಿದ್ರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಹಾಗಲ್ಲ. ಲಂಕೇಶ್ ಪತ್ರಿಕೆಯಲ್ಲಿ ಬಂದು 1984ರಲ್ಲಿ ಪುಸ್ತಕವಾದ ಕಾದಂಬರಿ. ಕಾಸರಗೋಡಿನ ಕಡಲ ಸೀಮೆ, ಚಂದ್ರಗಿರಿ ಹೊಳೆ. ನಾದಿರಾ, ರಶೀದ್ ಗಂಡ ಹೆಂಡತಿ. ಒಬ್ಬರ ಮೇಲೊಬ್ಬರಿಗೆ ಜೀವ. ಅಪ್ಪನ ಹಠಕ್ಕೆ ತಲಾಖ್ ಆಗುತ್ತದೆ, ಹುಡುಗಿಯನ್ನು ಒಂದು ಮಾತು ಕೇಳೋರಿಲ್ಲ. ಮತ್ತೆ ಅದೇ ಗಂಡ ಬೇಕೆಂದರೆ ಮೊದಲು ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕಂತೆ! ಮುಂದಿನದು ಹೇಳೂದಿಲ್ಲ, ಓದ್ರಿ.

ಸಾರಾ ಅವರ ಮನೆಮಾತು ಮಲಯಾಳಂ, ಬರೆದದ್ದು ಕನ್ನಡ. ಮನೆಯಾಗ ಮರಾಠಿ, ಟಾಕೀಸಿನಾಗ ರಾಜಣ್ಣ ಅನ್ನೋ ನಿಪ್ಪಾಣಿ, ಕಾಗವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನು ಸಿನಿಮಾ ಸುದ್ದಿ. 2011ರ ‘ಬ್ಯಾರಿ’ ಚಿತ್ರ ಮರಾಠಿಯ ‘ದೇವೂಳ್’ ಜೊತೆ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಹಂಚಿಕೊಂಡಿತು. ಅಥಣಿಯವರು ಮಿರಜಿಗೆ ಹೋಗಿ ‘ದೇವೂಳ್’ ನೋಡಿರಬಹುದು. ‘ಬ್ಯಾರಿ’ ನೋಡಿದವರು ಎಷ್ಟು ಮಂದಿ? ಅದು ನನ್ನ ಕಾದಂಬರಿ, ನನ್ನ ಒಪ್ಪಿಗೆ ಪಡೆದಿಲ್ಲ ಎಂದು ಸಾರಾ ಕೋರ್ಟಿಗೆ ಹೋದರು. ಮಂಗಳೂರಿನ ಜಿಲ್ಲಾ ನ್ಯಾಯಾಲಯ ಅವರ ಮಾತು ಒಪ್ಪಿ ಪ್ರದರ್ಶನಕ್ಕೆ ತಡೆ ಹಾಕಿತು. ನಾದಿರಾಳನ್ನೂ ಕೇಳಲಿಲ್ಲ, ಬರೆದಾಕೆಯನ್ನೂ ಕೇಳಲಿಲ್ಲ! ಪೋಸ್ಟರಿನಲ್ಲಿ ಹೀರೋ ಹೆಸರು ಓದೋ ನಾವು ಕಥೆ ಯಾರದು ಅಂತ ಒಂದು ಸಲನಾದ್ರೂ ನೋಡೀವೇನು?

ಸಾರಾ 2023ರ ಜನವರಿಯಲ್ಲಿ ತೀರಿಕೊಂಡರು. ಮೊನ್ನೆ ರಾಯಬಾಗದ ಗೆಳೆಯನೊಬ್ಬನಿಗೆ ನನ್ನ ಪ್ರತಿ ಕೊಟ್ಟಿದ್ದೆ. ಅವನಿಗೆ ಮದುವೆ ಗೊತ್ತಾಗಿದೆ. ಓದಿ ಮುಗಿಸಿದವನು, “ಆಕೀನ್ನ ನಾನೂ ಕೇಳಿಲ್ಲಲೇ?” ಅಂದ. ಸಂಜೆ ಬಸ್ಸಿಗೆ ಗೋಕಾಕಕ್ಕೆ ಹೊರಟ.