ಒಂದು ರಾತ್ರಿ ಇದ್ದು ಬನ್ನಿ

2023ರ ಮಾರ್ಚಿ 12ರಂದು ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತಷ್ಟೆ. ಅಂದಿನಿಂದ ಮೈಸೂರಿನ ಗೃಹಸ್ಥರಿಗೆ ಹೊಸ ಬಗೆಯ ಸಂಕಟವೊಂದು ಬಂದೊದಗಿದೆ. ಅತಿಥಿಗಳು ಕಡಿಮೆಯಾದರೆಂದಲ್ಲ; ಹಿಂದಿಗಿಂತ ಹೆಚ್ಚಾಗಿಯೇ ಬರುತ್ತಾರೆ. ಆದರೆ ಬಂದವರು ಯಾರೂ ಉಳಿಯುವುದಿಲ್ಲ. ಸುಮಾರು 119 ಕಿಲೋಮೀಟರು ದಾರಿ ಒಂದೂವರೆ ಗಂಟೆಯಲ್ಲಿ ಸವೆಯುವಾಗ ಉಳಿಯಲು ಕಾರಣವಾದರೂ ಏನು? ಬೆಳಗ್ಗೆ ಹತ್ತಕ್ಕೆ ಬಾಗಿಲು ತಟ್ಟಿ, ಕಾಫಿ ಕುಡಿದು, “ಇನ್ನೊಮ್ಮೆ ನಿಧಾನವಾಗಿ ಬರುತ್ತೇವೆ” ಎಂದು ಹೇಳಿ ಅಂಗಡಿಬೀದಿಗೆ ಹೊರಡುತ್ತಾರೆ. ಭಾನುವಾರವಾದರೆ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಬೆಳಗುವುದನ್ನು ನೋಡಿ ಊರು ಬಿಡುತ್ತಾರೆ.

ದಾರಿಯ ಊರುಗಳ ಗತಿಯೂ ಇದೇ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇವೆಲ್ಲವನ್ನೂ ಹೊಸ ರಸ್ತೆ ಬದಿಗೆ ಸರಿಸಿ ಸಾಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯಾಗಲಿ ಚನ್ನಪಟ್ಟಣದ ಬೊಂಬೆಯಾಗಲಿ ನಿಂತ ಬಂಡಿಯನ್ನು ನಂಬಿದ ವ್ಯಾಪಾರ. ಓಡುವ ಬಂಡಿಯಿಂದ ಅವರಿಗೇನು ದಕ್ಕೀತು? ಆದುದರಿಂದ ನಾವು ದಂಪತಿಗಳು ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೊರಟಾಗ ರೈಲನ್ನೇ ಹಿಡಿದೆವು. ಮದ್ದೂರಿನಲ್ಲಿ ವಡೆಯ ಬುಟ್ಟಿ ಒಳಗೆ ಬಂದಿತು. ಅಕ್ಕಿಹಿಟ್ಟು, ರವೆ, ಮೈದಾಹಿಟ್ಟುಗಳಿಗೆ ಈರುಳ್ಳಿ ಬೆರೆಸಿ, ತೆಳ್ಳಗೆ ತಟ್ಟಿ ಕರಿದ ಈ ವಡೆ ಆರಿದರೂ ರುಚಿ ಬಿಡದು. ಪ್ರಯಾಣಕ್ಕೆಂದೇ ಹುಟ್ಟಿದ ತಿಂಡಿ.

ಸರಸ್ವತಿಪುರಂನಲ್ಲಿ ನಮ್ಮ ಹಳೆಯ ಸಹಪಾಠಿಯ ಮನೆ. ಬಾಗಿಲಲ್ಲಿ ನಿಂತಿದ್ದ ಆತನ ಪತ್ನಿಯ ಕಣ್ಣು ಮೊದಲು ಹೋದದ್ದು ನಮ್ಮ ಕೈಚೀಲಗಳ ಕಡೆಗೆ. “ಬಟ್ಟೆಬರೆ ತಂದಿದ್ದೀರಷ್ಟೆ?” ಎಂದರು. ತಂದಿದ್ದೇವೆಂದ ಮೇಲೆಯೇ ಒಳಗೆ ಕರೆದದ್ದು. ಬಳಿಕ ಊಟದ ಒಪ್ಪಂದವಾಯಿತು. ನಂಟರ ಮನೆಯಲ್ಲಿ ಇಳಿದು ಹೋಟೆಲಿನಲ್ಲಿ ಉಣ್ಣುವುದು ಮನೆಯಾಕೆಗೆ ಮಾಡುವ ಅವಮಾನ. ಮೈಸೂರಿಗೆ ಬಂದು ದೋಸೆ ತಿನ್ನದೆ ಹೋಗುವುದು ಊರಿಗೆ ಮಾಡುವ ಅವಮಾನ. ಎರಡು ಮಧ್ಯಾಹ್ನವೂ ಒಂದು ರಾತ್ರಿಯೂ ಊಟ ಮನೆಯಲ್ಲಿ, ಭಾನುವಾರ ಬೆಳಗಿನ ತಿಂಡಿ ಮಾತ್ರ ಹೊರಗೆ ಎಂದು ತೀರ್ಮಾನವಾಯಿತು.

ಶನಿವಾರ ಮಧ್ಯಾಹ್ನ ಹೆಂಗಸರಿಬ್ಬರೂ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಗೆ ಹೋದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ಥಾಪನೆಯಾದ ಕಾರ್ಖಾನೆ ಇದು. ಇಲ್ಲಿನ ಜರಿಯಲ್ಲಿ ಬೆಳ್ಳಿಯೂ ಚಿನ್ನವೂ ನಿಜವಾಗಿಯೇ ಇವೆ. ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆಯುಂಟು. ‘ಮೈಸೂರು ಸಿಲ್ಕ್’ ಎಂಬ ಫಲಕವನ್ನು ಯಾರು ಬೇಕಾದರೂ ತೂಗುಹಾಕಬಹುದು, ಸಂಖ್ಯೆಯನ್ನು ನೇಯಲಾರರು. ಆಟೋದವನು ತಾನಾಗಿ ತೋರಿಸುವ ಅಂಗಡಿಯನ್ನು ವಿನಯದಿಂದ ನಿರಾಕರಿಸುವುದೇ ಲೇಸು. ಇಬ್ಬರೂ ಮೂರು ಗಂಟೆ ಕಾಲ ಸೀರೆಗಳನ್ನು ನೋಡಿ, ಒಂದನ್ನೂ ಕೊಳ್ಳದೆ, ಬಹು ಸಂತೋಷದಿಂದ ಹಿಂತಿರುಗಿದರು. ಇದರ ಮರ್ಮ ಗಂಡಸರಿಗೆ ತಿಳಿಯತಕ್ಕದ್ದಲ್ಲ.

ಸಂಜೆ ನಾನೂ ಮಿತ್ರನೂ ದೇವರಾಜ ಮಾರುಕಟ್ಟೆಗೆ ಹೋದೆವು. ಮಲ್ಲಿಗೆಯ ಮೊಗ್ಗು, ಚಿಗುರು ವೀಳ್ಯದೆಲೆ, ಗೋಪುರದಂತೆ ಒಟ್ಟಿದ ಕುಂಕುಮ, ನಂಜನಗೂಡಿನ ರಸಬಾಳೆ. ಈ ಮಲ್ಲಿಗೆ, ಎಲೆ, ಬಾಳೆಗಳಿಗೆ ಊರಿನ ಹೆಸರಿನೊಡನೆ ಸರಕಾರದ ನೋಂದಣಿಯೂ ದೊರೆತಿದೆ. ಕಟ್ಟಡದ ಸ್ಥಿತಿ ಮಾತ್ರ ಕರುಣಾಜನಕ. 2016ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ಬಿದ್ದಿತು. ಕೆಡವಿ ಕಟ್ಟಬೇಕೆನ್ನುವವರಿಗೂ ದುರಸ್ತಿ ಮಾಡಿ ಉಳಿಸಬೇಕೆನ್ನುವವರಿಗೂ ನಡೆದ ವ್ಯಾಜ್ಯ ನ್ಯಾಯಾಲಯದವರೆಗೆ ಹೋಯಿತು. ಗೋಡೆಯ ಬಿರುಕನ್ನು ನೋಡುತ್ತ ಮಿತ್ರ, “ಹಳೆಯ ಮನೆ ಇಟ್ಟುಕೊಳ್ಳುವುದು ಸುಲಭವಲ್ಲಪ್ಪ” ಎಂದ. ಮಾರುಕಟ್ಟೆಯ ಮಾತೆಂದೇ ನಾನು ತಿಳಿದೆ. ಹೊರಬಂದು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರುಪಾಕು ಕಟ್ಟಿಸಿದೆವು. ಅರಮನೆಯ ಅಡಿಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರದು ಆ ಅಂಗಡಿ. ಈ ಸಿಹಿಯನ್ನು ಮೊದಲು ಮಾಡಿದವರು ಅವರೇ ಎಂದು ಪ್ರತೀತಿ.

ರಾತ್ರಿ ಊಟವಾಗಿ, ಹಜಾರದಲ್ಲಿ ಹಾಸಿಗೆ ಹಾಸಿ, ದೊಡ್ಡ ದೀಪ ಆರಿಸಿದ ಮೇಲೆ ಆತ ನಿಜವಾದ ಮಾತು ತೆಗೆದ. ಮನೆಯನ್ನು ಮಾರಿ ಪುಣೆಯಲ್ಲಿರುವ ಮಗನ ಬಳಿ ಹೋಗಿಬಿಡುವುದೆಂದು ನಿಶ್ಚಯಿಸಿದ್ದನಂತೆ. ದಲ್ಲಾಳಿ ಎರಡು ಸಲ ಬಂದುಹೋಗಿದ್ದಾನೆ. “ನನಗೆ ಇಷ್ಟವಿಲ್ಲ. ಆದರೆ ಅವಳಿಗೆ ಮೊಮ್ಮಕ್ಕಳ ಹಂಬಲ. ನಾನು ಅಡ್ಡ ಬರಬಾರದು” ಎಂದ. ದಸರೆಯಿಂದೀಚೆಗೆ ಹತ್ತಾರು ಮಂದಿ ಬಂದುಹೋದರೂ ಯಾರೊಡನೆಯೂ ಆಡಲಾಗಲಿಲ್ಲವಂತೆ. ಕಾಫಿ ಲೋಟ ಹಿಡಿದುಕೊಂಡು, ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟವರೊಡನೆ ಆಡುವ ಮಾತೆ ಅದು?

ಬೆಳಗ್ಗೆ ನಜರಬಾದಿಗೆ ನಡೆದು ಹೋಗೋಣವೆಂದು ನಮ್ಮಾಕೆಯೂ ನಾನೂ ಮುಂಚೆಯೇ ಹೊರಟೆವು. ಅಲ್ಲಿ ಮೈಲಾರಿ ಎಂಬ ಹೆಸರಿನ ಹೋಟೆಲುಗಳು ಎರಡಿವೆ, ಸಮೀಪದಲ್ಲಿಯೇ. ಮೂಲ ಯಾವುದೆಂಬ ಚರ್ಚೆಯಲ್ಲಿ ಮೈಸೂರಿಗರ ಸ್ನೇಹಗಳು ಮುರಿದಾವು. ಎರಡರಲ್ಲಿಯೂ ದೋಸೆ ಗರಿಗರಿಯಲ್ಲ, ಮೆತ್ತನೆಯದು; ಬೆಣ್ಣೆ ಬಾಯಲ್ಲಿ ಕರಗುವ ಮೊದಲೇ ದೋಸೆ ಕರಗಿರುತ್ತದೆ. ಎರಡನೆಯ ದೋಸೆಗೆ ಕಾಯುತ್ತಿದ್ದಾಗ ನಮ್ಮಾಕೆ ತಾನು ಒಳಕೋಣೆಯಲ್ಲಿ ಕೇಳಿದ್ದನ್ನು ಹೇಳಿದಳು. ಆ ಗೃಹಿಣಿ ನಡುರಾತ್ರಿಯವರೆಗೆ ಅತ್ತರಂತೆ. ಅವರಿಗೆ ಈ ಮನೆ ಬಿಡಲು ಎಳ್ಳಷ್ಟೂ ಮನಸ್ಸಿಲ್ಲ. ಮಗನ ಆಸರೆ ಬೇಕೆಂದು ಯಜಮಾನರಿಗೇ ಆಸೆಯಿರುವಾಗ ತಾನು ಬೇಡವೆನ್ನುವುದು ಹೇಗೆ?

ತಟ್ಟೆಯ ಮುಂದೆ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಒಬ್ಬರಿಗಾಗಿ ಒಬ್ಬರು, ಇಬ್ಬರಿಗೂ ಬೇಡವಾದ ಕಡೆಗೆ ಹೊರಟಿದ್ದಾರೆ. ಪರರ ಮನೆಯ ಗುಟ್ಟನ್ನು ಪರರ ಮನೆಯಲ್ಲಿಯೇ ಬಿಚ್ಚುವುದು ಶಿಷ್ಟಾಚಾರವಲ್ಲವೆಂದು ನಾನು ವಾದಿಸಿದೆ. “ಮನೆ ಮಾರಿದ ಮೇಲೆ ಶಿಷ್ಟಾಚಾರ ಇಟ್ಟುಕೊಂಡು ಏನು ಮಾಡುತ್ತಾರೆ?” ಎಂದಳು ನಮ್ಮಾಕೆ.

ಮಧ್ಯಾಹ್ನದ ಎಲೆಯ ಮುಂದೆ ಆಕೆಯೇ ಮಾತೆತ್ತಿದಳು. “ಅಕ್ಕಾ, ಪುಣೆಗೆ ಹೋಗಬೇಕೆಂದು ನಿಮ್ಮಿಬ್ಬರಲ್ಲಿ ನಿಜವಾಗಿ ಆಸೆ ಯಾರಿಗೆ?” ಕೆಲಹೊತ್ತು ಯಾರೂ ಮಾತಾಡಲಿಲ್ಲ. ಮಿತ್ರ ಹೆಂಡತಿಯ ಕಡೆ ನೋಡಿದ. ಅವರು ಬಡಿಸುವ ಸೌಟನ್ನು ನೋಡುತ್ತಿದ್ದರು. ಆಮೇಲೆ ಆತ ಮೆಲ್ಲನೆ ಕೇಳಿದ:

“ಹಾಗಾದರೆ ದಲ್ಲಾಳಿಗೆ ಏನು ಹೇಳಲಿ?”

“ಊಟವಾದ ಮೇಲೆ ಹೇಳಿದರಾಯಿತು. ಈಗ ಹುಳಿ ಆರುತ್ತದೆ” ಎಂದರು ಆಕೆ.

ಸಂಜೆ ನಮ್ಮನ್ನು ನಿಲ್ದಾಣಕ್ಕೆ ಬಿಡಲು ಇಬ್ಬರೂ ಬಂದಿದ್ದರು. ಮನೆಗೆ ಬೀಗ ಹಾಕಿ ನಾಲ್ಕು ತಿಂಗಳ ಮಟ್ಟಿಗೆ ಪುಣೆಗೆ ಹೋಗಿ ಬರುವುದೆಂದು ಆಗಲೇ ಮಾತಾಗಿತ್ತು. ನಾಲ್ಕೋ ಮೂರೋ ಎಂಬ ವಾದ ಗಾಡಿ ಹೊರಡುವವರೆಗೂ ನಡೆದೇ ಇತ್ತು.