ಕಾವ್ಯವು ಕಠಿನವೋ, ನಮ್ಮ ಓದು ಶಿಥಿಲವೋ?

“ಹಳಗನ್ನಡವು ನಮಗೆ ತಿಳಿಯದು, ಕುಮಾರವ್ಯಾಸನೂ ಕಠಿನನು” ಎಂಬ ದೂರು ನಮ್ಮ ತರುಣರ ಬಾಯಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಅಲ್ಲಮನ ಬಳ್ಳಿಗಾವೆಯನ್ನೂ ಅಕ್ಕಮಹಾದೇವಿಯ ಉಡುತಡಿಯನ್ನೂ ಮಡಿಲಲ್ಲಿಟ್ಟುಕೊಂಡು, ಕುವೆಂಪು ಅವರಂಥ ಮಹಾಕವಿಯನ್ನು ನಾಡಿಗಿತ್ತ ಶಿವಮೊಗ್ಗ ಸೀಮೆಯಲ್ಲಿಯೇ ಈ ಮಾತು ಹುಟ್ಟಿದರೆ, ದೋಷವು ಭಾಷೆಯದೋ ಓದಿನದೋ ಎಂದು ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗೆಯ ಬಳಿ ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಸಂಸ್ಕೃತದ ಊರೆಂದು ಮತ್ತೂರನ್ನು ಜಗತ್ತೇ ಬಂದು ನೋಡುತ್ತದೆ. ಕನ್ನಡ ಗಮಕದ ಊರಾದ ಹೊಸಹಳ್ಳಿಯ ಕಡೆಗೆ ಕನ್ನಡಿಗರೇ ಮುಖ ಮಾಡುವುದು ವಿರಳ! ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅದೇ ವರ್ಷಾಂತ್ಯದಲ್ಲಿ ಅವರು ದಿವಂಗತರಾದರು. ಅವರ ಕಲೆಯನ್ನು ಶ್ಲಾಘಿಸಿದೆವು. ಅದರ ಪಾಠವನ್ನು ಕಲಿತೆವೇ?

ಗಮಕಿಯು ಛಂದಸ್ಸಿನ ಗಣಕ್ಕನುಸಾರವಾಗಿ ಮಾತನ್ನು ತುಂಡರಿಸುವುದಿಲ್ಲ. ಅರ್ಥಕ್ಕನುಸಾರವಾಗಿ ಪದಗಳನ್ನು ಬಿಡಿಸಿ ಹಾಡುತ್ತಾನೆ. ವ್ಯಾಖ್ಯಾನಕಾರನು ಅನ್ವಯವನ್ನು ತೋರಿ ಭಾವವನ್ನು ವಿವರಿಸುತ್ತಾನೆ. ಅಕ್ಷರವನ್ನೇ ಅರಿಯದ ಹಿರಿಯರಿಗೂ ಭಾರತದ ಕಥೆ ಮನೆಮಾತಾದದ್ದು ಹೀಗೆ. ಓದುಗನೂ ಇದನ್ನೇ ಮಾಡಲಿ. ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಲಿ, ಸಂಧಿಗಳನ್ನು ಬಿಡಿಸಲಿ, ಮೊದಲು ಕ್ರಿಯಾಪದವನ್ನು ಹುಡುಕಿ, ಬಳಿಕ “ಯಾರು? ಏನನ್ನು?” ಎಂದು ಕೇಳಲಿ, ಕೊನೆಗೆ ನಿಘಂಟನ್ನು ತೆರೆಯಲಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಕ್ಕಿ ಹಕ್ಕಿಯಾಯಿತು ಎಂಬ ಒಂದೇ ಸೂತ್ರವನ್ನರಿತ ಬಾಲಕನಿಗೆ ಎಷ್ಟೋ ಶಬ್ದಗಳ ಬಾಗಿಲು ತೆರೆಯುತ್ತದೆ. ‘ಮನೆಯೊಳ್’ ಎಂದರೆ ‘ಮನೆಯಲ್ಲಿ’ ಎಂದರಿತವನಿಗೆ ಹಳಗನ್ನಡವು ಪರಭಾಷೆಯಾಗಿ ಉಳಿಯದು.

ಆದರೆ ನಮ್ಮ ಶಾಲೆಗಳಲ್ಲಿ ನಡೆಯುತ್ತಿರುವುದೇನು? ಪದ್ಯವನ್ನು ಬದಿಗಿಟ್ಟು, ಅದರ ಸಾರಾಂಶವನ್ನು ಬಾಯಿಪಾಠ ಮಾಡಿಸಲಾಗುತ್ತಿದೆ. ಅನ್ನವನ್ನು ಉಣ್ಣದೆ ಅನ್ನದ ವರ್ಣನೆಯನ್ನು ಕಲಿತಂತೆ ಇದು! ಪರೀಕ್ಷೆಗೆ ಇಷ್ಟೇ ಸಾಕೆನ್ನುವವರಿದ್ದಾರೆ. ಒಪ್ಪೋಣ, ಆದರೆ ಪರೀಕ್ಷೆ ಮುಗಿದ ಮರುದಿನ ಆ ವಿದ್ಯಾರ್ಥಿಯು ಪಂಪನನ್ನು ತಾನಾಗಿ ಬಿಚ್ಚಿ ಓದುವನೇ?

ಭದ್ರಾವತಿಯಲ್ಲಿ ಈ ಹೊಣೆ ಇನ್ನೂ ಹಿರಿದು. ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗಳ ಕೆಲಸಕ್ಕೆಂದು ಬಂದ ತಮಿಳು, ತೆಲುಗು, ಉರ್ದು ಮನೆಮಾತಿನ ಕುಟುಂಬಗಳು ಅಲ್ಲಿ ನೆಲೆನಿಂತಿವೆ. ಆ ಮನೆಗಳ ಮಕ್ಕಳಿಗೆ ಗ್ರಾಂಥಿಕ ಕನ್ನಡವು ಕಿವಿಗೆ ಬೀಳುವ ಸ್ಥಳವು ಬಹುಮಟ್ಟಿಗೆ ಶಾಲೆಯೊಂದೇ. ಅಲ್ಲಿಯೂ ಮೌನವಾದರೆ ಅವರು ಎಲ್ಲಿ ಕೇಳಬೇಕು? ನಾಡಿಗೆಲ್ಲ ಕಾಗದವನ್ನಿತ್ತ ಊರಿನಲ್ಲಿ ಯಂತ್ರಗಳು ನಿಂತದ್ದು ದುಃಖಕರ. ಓದೂ ನಿಂತರೆ ಆ ನಷ್ಟಕ್ಕೆ ಪರಿಹಾರವಿಲ್ಲ.

ನಮ್ಮ ಸೂಚನೆ ಅಲ್ಪವಾದುದು. ಪ್ರತಿ ಪ್ರೌಢಶಾಲೆಯಲ್ಲಿ ವಾರಕ್ಕೊಂದು ತರಗತಿ ಕೇವಲ ಗಟ್ಟಿಯಾದ ಓದಿಗೂ ಅನ್ವಯಕ್ಕೂ ಮೀಸಲಾಗಲಿ. ಹೊಸಹಳ್ಳಿಯ ಗಮಕಿಗಳನ್ನು ಗೌರವಧನವಿತ್ತು ಆಹ್ವಾನಿಸಲಿ. 1930ರಿಂದ ನುಡಿಸೇವೆಗೆ ನಿಂತ ಶಿವಮೊಗ್ಗೆಯ ಕರ್ನಾಟಕ ಸಂಘವೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಅಧ್ಯಾಪಕರಿಗೆ ಈ ವಿಧಾನದಲ್ಲಿ ಶಿಕ್ಷಣವೀಯಲಿ. ತಂದೆತಾಯಂದಿರು ರಾತ್ರಿ ಊಟವಾದ ಮೇಲೆ ಮಕ್ಕಳಿಂದ ಒಂದು ಪದ್ಯವನ್ನಾದರೂ ಓದಿಸಿ ಕೇಳಲಿ.

ವಾಚಕರೇ, ನುಡಿಯ ಮೇಲಿನ ಅಭಿಮಾನವು ಜಯಘೋಷದಿಂದ ಸಿದ್ಧಿಸುವುದಿಲ್ಲ. ಪೂರ್ವಿಕರು ಬಿಟ್ಟುಹೋದ ಭಂಡಾರದ ಬೀಗದ ಕೈ ನಮ್ಮ ನಾಲಗೆಯ ಮೇಲೆಯೇ ಇದೆ. ಬಾಯಿ ತೆರೆದು ಓದಿದರೆ ಭಂಡಾರವೂ ತೆರೆದೀತು.